ಡಾಂಬರು ಮುಗಿದ ಮೇಲಿನ ನಕ್ಷೆ

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳಲ್ಲಿ ನಡೆದು ಹೋಗುವವರಿಗಾಗಿ ಮೊಬೈಲ್ ನಕ್ಷೆ ಮಾಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಬುನಾದಿ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರುಮಾಡಿದ, ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ನಕ್ಷೆ ಅದು. ನಮ್ಮ ಸೀಮೆಯ ಕಾಲುಹಾದಿ, ಗುಡಿ, ಬಾವಿ, ಸಾಲಿಗಳನ್ನು ಅದಕ್ಕೆ ತುಂಬಿಸುವುದು ಕೆಲಸದ ಒಂದು ಭಾಗ. ತುಂಬಿಸಿದ್ದನ್ನು ಅಂಗೈಯಗಲದ ಪರದೆಯಲ್ಲಿ, ಬಿಸಿಲಿನಲ್ಲಿ, ನಡೆಯುತ್ತಲೇ ಓದುವಂತೆ ಬಿಡಿಸುವುದು ಇನ್ನೊಂದು ಭಾಗ. ಎರಡನೆಯದೇ ಕಷ್ಟದ್ದು. ಬಳಸುವವರು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು, ಅಂಚೆಯವರು, ಪಾರ್ಸಲ್ ತರುವ ಹುಡುಗರು, ದಡ್ಡಿ–ಮೋಹನಗಾದ ಭಾವೇಶ್ವರಿ ಜಾತ್ರೆಗೆ ಗಡಿಯಾಚೆಯ ಮಹಾರಾಷ್ಟ್ರದಿಂದ ಬರುವ ಭಕ್ತರು. ಫೋನಿನಲ್ಲಿರುವ ನಕ್ಷೆಗಳು ಹೆಚ್ಚಾಗಿ ಗಾಡಿ ಓಡಿಸುವವರನ್ನು ಎದುರಿಗಿಟ್ಟುಕೊಂಡು ಮಾಡಿದವು. ಅವನ್ನು ಕಾಲಿಗೆ ಒಗ್ಗಿಸುವಾಗ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1. ಊರಿಗೆ ಚುಕ್ಕಿ ಇಟ್ಟರೆ ಮನೆ ಸಿಗುವುದಿಲ್ಲ

ಈ ಭಾಗದ ಊರುಗಳಲ್ಲಿ ಬಹಳ ಜನ ಊರಾಚೆ ಇರುತ್ತಾರೆ. ಧೂಪದಾಳದ ಒಡ್ಡು 1897ರಲ್ಲೇ ಮುಗಿದು ಕಾಲುವೆ ಕಂಡ ಸೀಮೆ ಇದು. ಆಮೇಲೆ ಹಿಡಕಲ್ ಅಣೆಕಟ್ಟೂ ಬಂತು. ನೀರು ಬಂದಲ್ಲೆಲ್ಲ ರೈತರು ಹೊಲದಲ್ಲೇ ಮನೆ ಕಟ್ಟಿಕೊಂಡರು. ಅಂಥ ನೆಲೆಗೆ ಒಂದು ಕಡೆ ತೋಟ ಎಂದರೆ ಇನ್ನೊಂದು ಕಡೆ ಕೋಡಿ, ಮತ್ತೊಂದು ಕಡೆ ದಡ್ಡಿ. ಹತ್ತಿಪ್ಪತ್ತು ಮನೆ, ಒಂದು ಹನಮಪ್ಪನ ಗುಡಿ, ಪುಣ್ಯವಿದ್ದರೆ ಐದನೇ ಇಯತ್ತೆಯವರೆಗೆ ಒಂದು ಸಾಲಿ. ಸರ್ಕಾರದ ಲೆಕ್ಕದಲ್ಲಿ ಇವೆಲ್ಲ ಮೂಲ ಗ್ರಾಮದ ಹೊಟ್ಟೆಯೊಳಗೆ ಸೇರಿಹೋಗಿವೆ. ಆ್ಯಪಿನಲ್ಲಿ ಊರ ಹೆಸರು ಒತ್ತಿದರೆ ಚುಕ್ಕಿ ಬಂದು ಬೀಳುವುದು ಊರ ನಡುವೆ. ಹೋಗಬೇಕಾದ ಮನೆ ಅಲ್ಲಿಂದ ಎರಡು ಮೂರು ಕಿಲೋಮೀಟರ್ ಆಚೆ ಕಬ್ಬಿನೊಳಗೆ ಇರುತ್ತದೆ.

ಕಾಗದದ ಮೇಲಾದರೂ ಇಂಥ ನೆಲೆಗಳಿಗೆ ಈಗ ಮಾನ್ಯತೆ ಸಿಗುತ್ತಿದೆ. ತಾಂಡಾ, ಹಟ್ಟಿ, ದೊಡ್ಡಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ರಾಜ್ಯದಲ್ಲಿ ನಡೆದಿದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದು ಆ ಕೆಲಸದ ಫಲ. ಆದರೆ ಹಕ್ಕುಪತ್ರ ಬಂದ ಮಾತ್ರಕ್ಕೆ ಫೋನಿನಲ್ಲಿ ಹಾದಿ ಮೂಡುವುದಿಲ್ಲ. ಅದನ್ನು ಯಾರಾದರೂ ನಡೆದು ಬಂದು ಬಿಡಿಸಬೇಕು.

ಬಸ್ಸಿಳಿದವನಿಗೆ ಮೊದಲು ಬೇಕಾದದ್ದು ಮನೆ ಎಲ್ಲಿದೆ ಎಂಬ ಚುಕ್ಕಿಗಿಂತ ಹೆಚ್ಚಾಗಿ, ಡಾಂಬರು ಬಿಟ್ಟು ಒಳಗೆ ಹೊರಳುವ ಜಾಗ. ಬೇಲಿಯಲ್ಲಿ ಒಂದು ಬಾಯಿ, ಎರಡು ಕಲ್ಲು, ಅಷ್ಟೇ ಇರುತ್ತದೆ. ಅದು ತಪ್ಪಿದರೆ ಮುಂದಿನದೆಲ್ಲ ತಪ್ಪು. ಹೀಗಾಗಿ ನಮ್ಮ ನಕ್ಷೆಯಲ್ಲಿ ಹಾದಿ ಹೊರಳುವ ಬಾಯಿಯನ್ನು ಮನೆಗಿಂತ ದೊಡ್ಡ ಗುರುತಿನಿಂದ ತೋರಿಸುತ್ತೇವೆ.

2. ಕಬ್ಬು ಬೆಳೆದಾಗಲೂ ಕಾಣುವುದೇ ಗುರುತು

ಜನ ಹಾದಿ ಹೇಳುವುದು ಗುರುತು ಹಿಡಿದು. ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ 1960ರ ತನ್ನ ಪುಸ್ತಕದಲ್ಲಿ, ಜನ ಮನಸ್ಸಿನಲ್ಲಿ ಊರನ್ನು ಹಿಡಿದಿಡುವುದು ಹಾದಿ, ಅಂಚು, ಪ್ರದೇಶ, ಕೂಡುದಾಣ, ಹೆಗ್ಗುರುತು ಎಂಬ ಐದರಿಂದ ಎಂದು ವಿವರಿಸಿದ. ಭಾರತದಲ್ಲಿ ಬೀದಿಯ ಹೆಸರಿಗಿಂತ ಹೆಗ್ಗುರುತೇ ಮುಖ್ಯವೆಂದು ಕಂಡುಕೊಂಡ ಗೂಗಲ್, 2009ರಲ್ಲೇ ಇಲ್ಲಿ ಹೆಗ್ಗುರುತು ಹೇಳಿ ದಾರಿ ತೋರಿಸಲು ಶುರುಮಾಡಿತು. ಇಲ್ಲಿಯವರೆಗೆ ಎಲ್ಲರೂ ಒಪ್ಪುವ ಮಾತು.

ಎಂಥ ಗುರುತು ಎಂಬಲ್ಲಿ ತೊಡಕು ಶುರು. ಮೇ ತಿಂಗಳಲ್ಲಿ ಮೂಡಲಗಿ ಕಡೆಯ ಹೊಲದಲ್ಲಿ ನಿಂತರೆ ಅರ್ಧ ಮೈಲಿ ಆಚೆಯ ಗುಡಿಯ ಶಿಖರ, ನೀರಿನ ಟಾಕಿ, ಸಾಲಿಯ ಕೆಂಪು ಹಂಚು ಎಲ್ಲ ಕಾಣುತ್ತವೆ. ಅದೇ ಜಾಗದಲ್ಲಿ ದಸರೆಯ ಹೊತ್ತಿಗೆ ನಿಂತರೆ ನಾಲ್ಕೂ ಕಡೆ ಹಸಿರು ಗೋಡೆ. ಕಬ್ಬು ಆಳೆತ್ತರ ದಾಟಿರುತ್ತದೆ. ಹಾದಿ ಕಬ್ಬಿನ ನಡುವಿನ ಓಣಿಯಾಗಿರುತ್ತದೆ, ಮೇಲೆ ಒಂದು ಪಟ್ಟಿ ಆಕಾಶ. ಕಾರ್ಖಾನೆಯ ಹಂಗಾಮು ಶುರುವಾಗಿ, ಗ್ಯಾಂಗಿನವರು ಬಂದು ಕಟಾವು ಮುಗಿಸುವವರೆಗೆ ದೂರದ ಯಾವ ಗುರುತೂ ಕೆಲಸಕ್ಕೆ ಬರುವುದಿಲ್ಲ. ಉಪಗ್ರಹದ ಚಿತ್ರ ನೋಡಿ, ಬೇಸಿಗೆಯಲ್ಲಿ ಗುರುತು ಆರಿಸಿದರೆ ವರ್ಷದ ಅರ್ಧ ಕಾಲ ನಕ್ಷೆ ಕುರುಡಾಗುತ್ತದೆ.

ಆ ಓಣಿಯೊಳಗೆ ನಿಂತವರಿಗೆ ಕಾಣುವುದೇನು? ಪಂಪಸೆಟ್ಟಿನ ಖೋಲಿ, ಪೈಪು ಹಾದಿ ದಾಟುವ ಉಬ್ಬು, ಬನ್ನಿಗಿಡ, ಎಲ್ಲಕ್ಕಿಂತ ಮಿಗಿಲಾಗಿ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಎರಡು ಕಂಬದ ನಡುವೆ ಕೂತು ಗುಂಯ್‌ಗುಡುವ ಕರೆಂಟಿನ ಟೀಸಿ ಹಾದಿಯ ಮಗ್ಗುಲಿಗೇ ಇರುತ್ತದೆ, ಕಬ್ಬಿಗಿಂತ ಎತ್ತರ, ಕತ್ತಲಲ್ಲಿ ಕಾಣದಿದ್ದರೂ ಕಿವಿಗೆ ಸಿಗುತ್ತದೆ. 1969ರಿಂದ ಹುಕ್ಕೇರಿ ತಾಲ್ಲೂಕಿನಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಹಳ್ಳಿಗಳಿಗೆ ಕರೆಂಟ್ ಕೊಡುತ್ತ ಬಂದಿದೆ. ಲೈನು ಹೊಲದೊಳಗೆ ಹೋದಲ್ಲೆಲ್ಲ ಟೀಸಿಯೂ ಹೋಗಿದೆ. ಹಾದಿ ಕೇಳಿದರೆ ಹಿರಿಯರೂ ಅದನ್ನೇ ಹೇಳುತ್ತಾರೆ: “ಹಂಗ ಸೀದಾ ಹೋಗ ತಮ್ಮಾ, ಮುಂದ ಟೀಸಿ ಬರ್ತೈತಿ, ಅಲ್ಲಿಂದ ಎಡಕ್ಕ ಹೊಳ್ಳು.” ಪೇಟೆಯ ನಕ್ಷೆಯಲ್ಲಿ ಯಾರೂ ಟೀಸಿಯನ್ನು ಬಿಡಿಸುವುದಿಲ್ಲ. ನಮ್ಮ ನಕ್ಷೆಯಲ್ಲಿ ಅದು ಗುಡಿಯ ಸಮಕ್ಕೆ ಕೂತಿದೆ.

ಪೇಟೆಯಲ್ಲಿ ಲೆಕ್ಕ ಬೇರೆ. ಗೋಕಾಕದ ಬಜಾರಿನಲ್ಲಿ ಕರದಂಟಿನ ಅಂಗಡಿಯನ್ನು ಗುರುತಾಗಿ ಕೊಟ್ಟರೆ ಯಾವ ಅಂಗಡಿ ಎಂಬ ಪ್ರಶ್ನೆ ಬರುತ್ತದೆ, ಅಷ್ಟು ಇವೆ. ಒಂದೇ ಥರದ್ದು ಹತ್ತಿರ ಹತ್ತಿರ ಎರಡು ಇದ್ದರೆ ಎರಡನ್ನೂ ಬಿಡಬೇಕು. ಹುಕ್ಕೇರಿಯ ಹಳೆಯ ಗುಮ್ಮಟಗಳಂಥ, ತಪ್ಪಾಗಿ ಹಿಡಿಯಲು ಆಗದ ಗುರುತು ಸಿಕ್ಕರೆ ಅದೊಂದನ್ನೇ ಇಟ್ಟು ಸುತ್ತಲಿನ ಹತ್ತು ಅಂಗಡಿ ಅಳಿಸಿದರೂ ನಷ್ಟವಿಲ್ಲ.

3. ಅಕ್ಷರ ಕೆಟ್ಟರೆ ನಕ್ಷೆ ಕೆಟ್ಟಂತೆ

ಈ ಪಾಠಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಇದರ ಬಗ್ಗೆ ಬರೆದವರು ಕಡಿಮೆ.

ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಪ್ರತಿ ಜಾಗಕ್ಕೂ ಕನ್ನಡದ ಹೆಸರಿಗೆಂದೇ ಪ್ರತ್ಯೇಕ ಮನೆ ಇದೆ. ಅದನ್ನು ತುಂಬಿಸಿದರೆ ಅರ್ಧ ಕೆಲಸ ಆಯಿತು ಅಷ್ಟೇ. ಬ್ರೌಸರಿನಲ್ಲಿ ಓಡುವ ಹೊಸ ಬಗೆಯ ವೆಕ್ಟರ್ ನಕ್ಷೆಗಳ ಪ್ರಸಿದ್ಧ ಎಂಜಿನ್‌ಗಳು ಬಹುಕಾಲ ಅಕ್ಷರಗಳನ್ನು ಒಂದೊಂದೇ ಬಿಡಿ ಚಿತ್ರವಾಗಿ ಸಾಲಿಗೆ ಜೋಡಿಸುತ್ತಿದ್ದವು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಗುಣಿತ ಕೂಡಬೇಕು, ಒತ್ತು ಕೆಳಗೆ ಇಳಿಯಬೇಕು. ಅಂಥ ಎಂಜಿನ್ನಿಗೆ ದಡ್ಡಿ ಎಂಬ ಹೆಸರು ಕೊಟ್ಟರೆ ಪರದೆಯ ಮೇಲೆ ಮೊದಲು ದ, ಆಮೇಲೆ ಬರಿಯ ಡ, ಮಗ್ಗುಲಿಗೆ ಒಂಟಿ ಹಲಂತದ ಗುರುತು, ಮತ್ತೊಂದು ಡ, ಕೊನೆಗೆ ಯಾರಿಗೂ ಸೇರದೆ ನಿಂತ ಗುಡಿಸು ಬರುತ್ತವೆ. ಓದುವವರು ಅದನ್ನು ಹೆಸರೆಂದು ಗುರುತಿಸುವುದೇ ಇಲ್ಲ. ಇಂಥದ್ದನ್ನು ಒಂದೆರಡು ಸಲ ಕಂಡವರು ಕನ್ನಡ ತೆಗೆದು ಇಂಗ್ಲಿಷ್ ಹಾಕಿಕೊಳ್ಳುತ್ತಾರೆ. ಕನ್ನಡ ಬೇಡವೆಂದಲ್ಲ, ಕೊಟ್ಟ ಕನ್ನಡ ಓದಲಾಗದ್ದು ಎಂದು.

ದಾರಿ ಎರಡಿವೆ. ಒಂದು, ನಕ್ಷೆಯನ್ನು ಸರ್ವರಿನಲ್ಲೇ ಚಿತ್ರವಾಗಿ ಬಿಡಿಸಿ ಕಳಿಸುವುದು. ಮ್ಯಾಪ್ನಿಕ್‌ನಂಥ ಸಾಧನ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಬಳಸುವುದರಿಂದ ಒತ್ತು, ಗುಣಿತ ಸರಿಯಾಗಿ ಕೂಡುತ್ತವೆ. ಎರಡು, ಹೆಸರುಗಳನ್ನು ನಕ್ಷೆಯ ಎಂಜಿನ್ನಿಗೆ ಬಿಡದೆ, ಮೇಲೆ ಬೇರೆ ಪದರವಾಗಿ ಬ್ರೌಸರಿನಿಂದಲೇ ಬರೆಸುವುದು. ಬ್ರೌಸರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಹೆಸರು ನೂರಾರು ಇದ್ದರೆ ಎರಡನೆಯದು ಫೋನನ್ನು ನಿಧಾನ ಮಾಡುತ್ತದೆ. ನಡೆಯುವವರ ಪರದೆಯಲ್ಲಿ ಹತ್ತಕ್ಕಿಂತ ಹೆಚ್ಚು ಹೆಸರು ಇರಲೇಬಾರದಾದ್ದರಿಂದ ನಮಗೆ ತೊಂದರೆಯಾಗಿಲ್ಲ. ಯಾವ ಸಾಧನ ತಂದರೂ ಅದಕ್ಕೆ ನನ್ನ ಮೊದಲ ಪರೀಕ್ಷೆ ‘ಲಕ್ಷ್ಮಿ ಗುಡಿ’. ಕ್ಷ, ಅದರಡಿ ಮ ಒತ್ತು, ಮೇಲೆ ಗುಡಿಸು, ಎಲ್ಲ ಸರಿಯಾಗಿ ಕೂತರೆ ಮುಂದಿನ ಮಾತು. ಲಕ್ಷ್ಮಿ ಗುಡಿ ಇಲ್ಲದ ಊರು ಈ ಕಡೆ ಸಿಗುವುದು ಅಪರೂಪ.

ಅಳತೆಯದ್ದು ಇನ್ನೊಂದು ಮಾತು. ಇಂಗ್ಲಿಷಿನ ಹೆಸರು ಚಿಕ್ಕ ಅಕ್ಷರದಲ್ಲಿ ಓದಿಸಿಕೊಳ್ಳುವ ಜಾಗದಲ್ಲಿ ಕನ್ನಡದ್ದು ಮುದ್ದೆಯಾಗುತ್ತದೆ. ಪ ಮತ್ತು ಷ, ಥ ಮತ್ತು ಧ, ರ ಮತ್ತು ಠ ಇವುಗಳ ನಡುವೆ ಇರುವುದು ಒಂದು ಸಣ್ಣ ಗೀರು, ಒಂದು ಚುಕ್ಕಿ. ಅಕ್ಷರದ ಸುತ್ತ ಎದ್ದು ಕಾಣಲೆಂದು ಹಾಕುವ ಬಿಳಿ ಅಂಚು ದಪ್ಪವಾದರೆ ಮೊದಲು ನುಂಗುವುದು ಆ ಚುಕ್ಕಿಯನ್ನೇ. ಹೆಸರು ಎರಡು ಸಾಲಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆ ಇಡುವುದಿಲ್ಲ, ಬಿಳಿ ಅಂಚು ತೆಳ್ಳಗೆ, ಅಕ್ಷರ ಇಂಗ್ಲಿಷಿಗಿಂತ ಎರಡು ಮೂರು ಅಳತೆ ದೊಡ್ಡದು.

ಜಾಗ ಉಳಿಸುವ ಉಪಾಯ ಜನರ ಬಾಯಲ್ಲೇ ಇದೆ. ಬೋರ್ಡಿನ ಮೇಲೆ ಸರ್ಕಾರಿ ಹಿರಿಯ ಪ್ರಾಥಮಿಕ ಕನ್ನಡ ಗಂಡು ಮಕ್ಕಳ ಶಾಲೆ ಎಂದಿರುವುದನ್ನು ಊರವರು ಕನ್ನಡ ಸಾಲಿ ಎನ್ನುತ್ತಾರೆ. ಗಡಿಯ ಊರಲ್ಲಿ ಪಕ್ಕದಲ್ಲೇ ಮರಾಠಿ ಸಾಲಿಯೂ ಇರುವುದರಿಂದ ಆ ಎರಡೇ ಪದ ಎರಡು ಗುರುತುಗಳನ್ನು ಬೇರೆ ಮಾಡಿಕೊಡುತ್ತವೆ. ಪೂರ್ತಿ ಹೆಸರು ಒತ್ತಿ ನೋಡಿದವರಿಗೆ ಸಿಗಲಿ, ಪರದೆಯ ಮೇಲೆ ಬಾಯಿಮಾತಿನ ಹೆಸರೇ ಇರಲಿ.

4. ಒಂದು ಪರದೆಗೆ ಐದು ನಿಮಿಷದ ನಡಿಗೆ

ವೆಬ್ ನಕ್ಷೆಗಳಲ್ಲಿ ಜೂಮಿಗೆ ಸಂಖ್ಯೆ ಇರುತ್ತದೆ. ನಮ್ಮ ಅಕ್ಷಾಂಶದಲ್ಲಿ, ಸಾಮಾನ್ಯ ನಕ್ಷೆಯ 17ನೇ ಹಂತದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 1.15 ಮೀಟರ್. ಫೋನಿನ ಪರದೆ 360 ಪಿಕ್ಸೆಲ್ ಅಗಲ ಎಂದು ಹಿಡಿದರೆ ಅಗಲಕ್ಕೆ 410 ಮೀಟರ್ ಚಿಲ್ಲರೆ ಕಾಣುತ್ತದೆ. ಸಾಮಾನ್ಯ ನಡಿಗೆಯಲ್ಲಿ ಅದು ಐದು ನಿಮಿಷದ ಹಾದಿ. ಇದು ಒಳ್ಳೆಯ ಅಳತೆ. ಮುಂದಿನ ಐದು ನಿಮಿಷದಲ್ಲಿ ಕಣ್ಣಿಗೆ ಬೀಳುವುದಷ್ಟೇ ಪರದೆಯಲ್ಲಿರಬೇಕು. 15ನೇ ಹಂತದಲ್ಲಿ ತೆರೆದರೆ ಅಗಲಕ್ಕೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಬರುತ್ತದೆ. ಹಾದಿಗಳು ನೂಲಿನಂತೆ ಕಾಣುತ್ತವೆ, ಯಾವುದರ ಮೇಲೆ ನಿಂತಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಹೊತ್ತಿನ ಲೆಕ್ಕವನ್ನೂ ಸ್ಥಳಕ್ಕೆ ತಕ್ಕಂತೆ ತಿದ್ದಬೇಕು. ದಾರಿ ಹುಡುಕುವ ತಂತ್ರಾಂಶಗಳು ನಡಿಗೆಯ ವೇಗವನ್ನು ಗಂಟೆಗೆ 5 ಕಿಲೋಮೀಟರ್ ಎಂದು ಹಿಡಿದಿರುತ್ತವೆ. ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುತ್ತಿ ಇದ್ದವರಿಗೆ ಆ ವೇಗವಿಲ್ಲ. ಮಳೆ ಬಿದ್ದ ಮರುದಿನ ಎರೆಮಣ್ಣಿನ ಬಂಡಿದಾರಿಯಲ್ಲಿ ಹೆಜ್ಜೆಗೊಂದು ಸೇರು ಮಣ್ಣು ಚಪ್ಪಲಿಗೆ ಅಂಟಿದಾಗ ಯಾರಿಗೂ ಇಲ್ಲ. ಮಳೆಗಾಲದಲ್ಲಿ ಎರೆಭೂಮಿಯ ಹಾದಿಗೆ ನಾವು ವೇಗವನ್ನು ಅರ್ಧಕ್ಕೆ ಇಳಿಸುತ್ತೇವೆ.

5. ಮೊದಲ ಹೆಜ್ಜೆ ಯಾವ ಕಡೆ?

ನಡೆಯುವವರು ಹೆಚ್ಚಾಗಿ ತಪ್ಪುವುದು ಹೊರಡುವಲ್ಲೇ. ಫೋನಿನೊಳಗಿನ ದಿಕ್ಸೂಚಿ ಕಬ್ಬಿಣ, ಮೋಟಾರು, ನಿಂತ ಟ್ರ್ಯಾಕ್ಟರಿನ ಹತ್ತಿರ ಬಂದರೆ ದಿಕ್ಕುಗೆಡುತ್ತದೆ. ನೀಲಿ ಚುಕ್ಕಿ ಸರಿಯಾದ ಜಾಗದಲ್ಲೇ ಇದ್ದರೂ ಅದರ ಮೂತಿ ಉಲ್ಟಾ ತಿರುಗಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಆ ಮೂತಿ ನಂಬಿ ನೂರು ಹೆಜ್ಜೆ ಹೋಗಿ ಮರಳುತ್ತಾರೆ.

ನೋಡುವವರು ಮುಖ ಮಾಡಿದ ದಿಕ್ಕೇ ನಕ್ಷೆಯ ಮೇಲ್ಭಾಗದಲ್ಲಿ ಇದ್ದರೆ ಓದುವುದು ಸುಲಭ ಎಂದು ಮಾರ್ವಿನ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ 1982ರಲ್ಲೇ, ‘ನೀವು ಇಲ್ಲಿದ್ದೀರಿ’ ಫಲಕಗಳ ಮೇಲಿನ ತನ್ನ ಅಧ್ಯಯನದಲ್ಲಿ ಬರೆದಿದ್ದಾನೆ. ಲಂಡನ್ನಿನ ಬೀದಿಗಳಲ್ಲಿ ಪಾದಚಾರಿಗಳಿಗೆಂದು ನಿಲ್ಲಿಸಿರುವ ಲೆಜಿಬಲ್ ಲಂಡನ್ ಫಲಕಗಳು ಅದೇ ಕ್ರಮದವು, ಐದು ನಿಮಿಷದ ನಡಿಗೆಯ ವೃತ್ತವನ್ನೂ ಅವು ತೋರಿಸುತ್ತವೆ. ಫಲಕ ನಿಂತಲ್ಲೇ ನಿಂತಿರುತ್ತದೆ, ಅದಕ್ಕೆ ದಿಕ್ಕಿನ ಗೊಂದಲವಿಲ್ಲ. ಕೈಯಲ್ಲಿ ತಿರುಗುವ ಫೋನಿಗೆ ಇದೆ. ದಿಕ್ಸೂಚಿ ಕೆಟ್ಟಾಗ ನಕ್ಷೆ ತನ್ನಷ್ಟಕ್ಕೆ ಗಿರಗಿರ ತಿರುಗಿದರೆ ಇದ್ದ ನಂಬಿಕೆಯೂ ಹೋಗುತ್ತದೆ.

ನಮ್ಮ ರೈತರ ರೂಢಿ ಇನ್ನೊಂದು. ಚಕ್ಕುಬಂದಿ ಓದಿ ಬೆಳೆದವರಿಗೆ ಮೂಡಲ, ಪಡುವಲ ಎಂದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಅವರಿಗೆ ಉತ್ತರ ಮೇಲಿರುವ, ಅಲುಗಾಡದ ನಕ್ಷೆಯೇ ಹಿತ. ಪೇಟೆಯಿಂದ ಬಂದ ಹುಡುಗರಿಗೆ ತಿರುಗುವ ನಕ್ಷೆ ಬೇಕು. ಎರಡನ್ನೂ ಇಟ್ಟು, ಮೊದಲ ಹೆಜ್ಜೆಗೆ ಮಾತ್ರ ದಿಕ್ಸೂಚಿಯನ್ನು ನಂಬದೆ ಮಾತಿನಲ್ಲಿ ಹೇಳುತ್ತೇವೆ: ‘ಅಗಸಿಗೆ ಬೆನ್ನು ಮಾಡಿ ನಿಲ್ಲಿ. ಹನಮಪ್ಪನ ಗುಡಿ ಬಲಕ್ಕೆ ಬರುವಂತೆ ಹೊರಡಿ.’ ಎರಡು ಗುರುತು ಹೊಂದಿಸಿಕೊಂಡವರು ಮತ್ತೆ ತಪ್ಪುವುದು ಕಡಿಮೆ.

6. ನೀರಿನ ಗೆರೆ ವರ್ಷವಿಡೀ ಒಂದೇ ಇರುವುದಿಲ್ಲ

ಎಲ್ಲ ಪಾಠಗಳಲ್ಲಿ ಜೀವಕ್ಕೆ ಸಂಬಂಧಿಸಿದ್ದು ಇದು. ದಡ್ಡಿ ಘಟಪ್ರಭೆಯ ದಂಡೆಯ ಊರು, ಹಿಡಕಲ್ ಜಲಾಶಯದ ಮೇಲ್ಭಾಗಕ್ಕಿದೆ. ಕೇಂದ್ರ ಜಲ ಆಯೋಗ ನದಿಯ ಹರಿವು ಅಳೆಯುವ ಜಾಗಗಳಲ್ಲಿ ಅದೂ ಒಂದು. ಹಿಡಕಲ್ಲಿನ ಗರಿಷ್ಠ ಮಟ್ಟ 2175 ಅಡಿ, ಸಂಗ್ರಹ 51 ಟಿಎಂಸಿ. ತುಂಬಿದಾಗಿನ ದಂಡೆ ಒಂದು ಕಡೆ, ಏಪ್ರಿಲ್ಲಿನ ದಂಡೆ ಇನ್ನೊಂದು ಕಡೆ. ನಡುವೆ ನೆಲ ತೆರೆದು ಹೊಸ ಕಾಲುಹಾದಿಗಳು ಹುಟ್ಟುತ್ತವೆ. ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರಿನಿಂದ ಮೇಲೆದ್ದಾಗ ಜನ ಅಲ್ಲಿಯವರೆಗೆ ನಡೆದೇ ಹೋಗುತ್ತಾರೆ. ಫೋನಿನ ನಕ್ಷೆಯಲ್ಲಿ ಅವರು ನೀಲಿಯ ಮೇಲೆ ನಡೆಯುತ್ತಿರುತ್ತಾರೆ.

ಬೇಸಿಗೆಯಲ್ಲಿ ಇದು ಬರೀ ಗೊಂದಲ. ಮಳೆಗಾಲದಲ್ಲಿ ಅಪಾಯ. ನದಿ, ಹಳ್ಳ ದಾಟಲು ನಡೆಯುವವರು ಬಳಸುವುದು ಬಾಂದಾರ ಎಂಬ ಗಿಡ್ಡ ಒಡ್ಡುಗಳನ್ನು, ತಗ್ಗಿನ ಸೇತುವೆಗಳನ್ನು. ಜುಲೈ, ಆಗಸ್ಟ್‌ನಲ್ಲಿ ಹೊಳೆ ಏರಿದರೆ ಅವು ಮುಳುಗುತ್ತವೆ. 2019ರ ಆಗಸ್ಟಿನಲ್ಲಂತೂ ಗೋಕಾಕದ ಹೊರವಲಯದ ಲೋಳಸೂರ ಸೇತುವೆಯೇ ನೀರಿನಡಿ ಹೋಯಿತು. ಉಪಗ್ರಹ ಚಿತ್ರ ನೋಡಿ ಬಿಡಿಸಿದ ನಕ್ಷೆಗೆ ಇದಾವುದೂ ತಿಳಿಯದು. ಹತ್ತಿರದ ದಾರಿ ಎಂದು ಅದು ಬಾಂದಾರದ ಮೇಲೆಯೇ ಗೆರೆ ಎಳೆಯುತ್ತದೆ.

ನಾವು ಪಾಲಿಸುವ ಕ್ರಮ ಹೀಗಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾವ ಬಾಂದಾರದ ಮೇಲೂ ದಾರಿ ತೋರಿಸುವುದಿಲ್ಲ, ಸುತ್ತು ಎಷ್ಟೇ ಆಗಲಿ. ಬಾಂದಾರದ ಗೆರೆಯನ್ನು ತುಂಡು ತುಂಡಾಗಿ ಎಳೆದು, ಪಕ್ಕದಲ್ಲಿ ‘ಹೊಳೆ ಏರಿದರೆ ದಾರಿ ಇಲ್ಲ, ಊರವರನ್ನು ಕೇಳಿ’ ಎಂದು ಬರೆಯುತ್ತೇವೆ. ಜಲಾಶಯಕ್ಕೆ ಎರಡು ಅಂಚು: ತುಂಬಿದಾಗಿನದು ಗಟ್ಟಿ ನೀಲಿ, ಇಳಿದಾಗ ತೆರೆಯುವ ನೆಲ ಗೀರು ಹಾಕಿದ ತಿಳಿ ಬಣ್ಣ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ತೋರಿಸುವ ನಕ್ಷೆ ಇಲ್ಲಿ ಜನರನ್ನು ನೀರಿಗೆ ಇಳಿಸುತ್ತದೆ. ಈ ಕ್ರಮದಲ್ಲಿ ರಿಯಾಯಿತಿ ಮಾಡಬೇಡಿ.

ಕಾಲುವೆಯದ್ದು ಬೇರೆ ತೊಡಕು. ಎರಡೂ ದಂಡೆಯ ಮೇಲೆ ಹಾದಿ ಇರುತ್ತದೆ, ದಾಟಲು ಸೇತುವೆ ದೂರ ದೂರ. ಬಯಲಿನಲ್ಲಿಯೂ ಫೋನಿನ ಜಿಪಿಎಸ್ ಐದು ಮೀಟರಿನಷ್ಟು ಆಚೀಚೆ ಆಗಬಹುದು. ಕವಲು ಕಾಲುವೆಯ ಹತ್ತಿರ ಅಷ್ಟು ಸಾಕು, ನೀಲಿ ಚುಕ್ಕಿ ಜಿಗಿದು ಆಚೆ ದಂಡೆಗೆ ಹೋಗಿ ಕೂರುತ್ತದೆ. ಕಾರಿನವರಿಗೆ ರಸ್ತೆಗೆರೆ ದಪ್ಪ ಇರಬೇಕು, ಕಾಲುವೆ ತೆಳ್ಳಗಿದ್ದರೂ ನಡೆಯುತ್ತದೆ. ನಡೆಯುವವರಿಗೆ ಕಾಲುವೆಯೇ ದಪ್ಪ ಗೆರೆ, ಅದರಲ್ಲಿ ಸೇತುವೆಗಳು ಎದ್ದು ಕಾಣುವ ಬಿಳಿಯ ಬಿರುಕು.

7. ಬಿಸಿಲು ಮತ್ತು ಹೆಬ್ಬೆರಳು

ಹೆಚ್ಚು ಹೇಳುವುದಿಲ್ಲ. ತಿಳಿ ಹಸಿರಿನ ಮೇಲೆ ತಿಳಿ ಹಳದಿ ಹಾದಿ ಆಫೀಸಿನಲ್ಲಿ ಚೆಂದ, ಮಟಮಟ ಮಧ್ಯಾಹ್ನ ಎರಡೂ ಒಂದೇ ಬಿಳುಪು. ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1, ಗುರುತುಗಳಿಗೆ 3ಕ್ಕೆ 1 ವ್ಯತ್ಯಾಸ ಇರಲಿ ಎಂದು ವೆಬ್ ಸುಗಮತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹೊಲದ ಬಿಸಿಲಿಗೆ ಅದು ಕನಿಷ್ಠ. ಒತ್ತುವ ಗುರುತು ಸುಮಾರು 9 ಮಿಲಿಮೀಟರ್ ಇರಲಿ ಎನ್ನುವುದು ಆಂಡ್ರಾಯ್ಡಿನ ಸಲಹೆ. ಗುಂಡಿಗಳೆಲ್ಲ ಪರದೆಯ ಕೆಳಗಡೆ ಇರಲಿ. ಇನ್ನೊಂದು ಕೈಯಲ್ಲಿ ಚೀಲವೋ ಕೊಡೆಯೋ ಇರುತ್ತದೆ.

8. ಎಲ್ಲ ಹಾದಿಯೂ ಬಿಡಿಸುವ ಹಾದಿಯಲ್ಲ

ಕಂದಾಯದವರ ಮಾತಿನಲ್ಲಿ ‘ನಕಾಶೆ ಕಂಡ ದಾರಿ’ ಎಂದರೆ ಗ್ರಾಮನಕ್ಷೆಯಲ್ಲಿ ದಾಖಲಾದ ದಾರಿ. ಅದರ ಮೇಲೆ ನಡೆಯಲು ಎಲ್ಲರಿಗೂ ಹಕ್ಕಿದೆ. ಇನ್ನು ಕೆಲವು ತಲೆಮಾರಿನಿಂದ ಜನ ನಡೆದು ರೂಢಿಯಾದವು. ಮೂರನೆಯ ಬಗೆಯವು ಹೊಲದವರು ‘ಹೋಗವ್ವಾ, ಏನಾಗೂದಿಲ್ಲ’ ಎಂದು ಬಿಟ್ಟುಕೊಟ್ಟ ಬದುವಿನ ಹಾದಿ. ಕಾಲಿಗೆ ಮೂರೂ ಒಂದೇ. ಜಿಪಿಎಸ್ ಗೆರೆಯಲ್ಲೂ ವ್ಯತ್ಯಾಸ ಕಾಣದು.

ಮೂರನೆಯದನ್ನು ಬಿಡಿಸಬಾರದು. ನೆರೆಹೊರೆಯ ನಾಲ್ಕು ಜನಕ್ಕೆ ಬಿಟ್ಟ ಹಾದಿ ಫೋನಿನಲ್ಲಿ ಮೂಡಿದರೆ ಗುರುತಿಲ್ಲದವರು ಬೈಕ್ ತಂದು ಬದು ಕೆಡಿಸುತ್ತಾರೆ. ಹೊಲದವರು ಮುಳ್ಳು ಬಡಿಯುತ್ತಾರೆ. ನಾಲ್ಕು ಜನಕ್ಕಿದ್ದದ್ದೂ ಹೋಗುತ್ತದೆ. ಇಲ್ಲಿ ದಾರಿಯ ತಂಟೆಗಳು ತಹಶೀಲ್ದಾರರವರೆಗೆ ಹೋಗುವುದು ಹೊಸದಲ್ಲ. ರಾಜ್ಯದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಹದ್ದು ಕಾಣಲು ಅದನ್ನು ತೆರೆದು ನೋಡುವುದು ಒಳ್ಳೆಯ ರೂಢಿ. ಆದರೆ ನಡೆಯಲು ಒಪ್ಪಿಗೆ ಇದೆಯೇ ಎಂಬುದಕ್ಕೆ ಮನುಷ್ಯರನ್ನೇ ಕೇಳಬೇಕು.

ಹೆಸರಿನ ವಿಷಯವೂ ಇದಕ್ಕೆ ಸೇರಿದ್ದು. ತೋಟಗಳಿಗೆ ಮನೆತನದ ಹೆಸರಿರುವುದು ಸಹಜ, ಊರೆಲ್ಲ ಕರೆಯುವ ಹೆಸರಾದರೆ ಬರೆಯಬಹುದು. ಒಂದೇ ಮನೆಯ ಯಜಮಾನರ ಹೆಸರಾದರೆ ಬೇಡ. ಜಾತಿ ಹಿಡಿದು ಕರೆಯುವ ಕೇರಿಯ ಹೆಸರನ್ನು ಎಷ್ಟೇ ರೂಢಿಯಲ್ಲಿದ್ದರೂ ನಾನು ಬರೆಯುವುದಿಲ್ಲ. ಪಕ್ಕದ ಮಹಾರಾಷ್ಟ್ರ ಸರ್ಕಾರ ಜಾತಿಸೂಚಕ ವಸತಿಗಳ ಹೆಸರು ಬದಲಿಸಲು 2020ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಅಂಥ ಕಡೆ ಹತ್ತಿರದ ಗುಡಿ, ಸಾಲಿ, ಟೀಸಿಯ ಹೆಸರು ಸಾಕು. ಹಾದಿ ಸಿಗುತ್ತದೆ, ಯಾರ ಮರ್ಯಾದೆಗೂ ಕುಂದಿಲ್ಲ.

9. ವಾಟ್ಸಾಪಿನಲ್ಲಿ ಹೋಗುವ ಚಿತ್ರವೂ ನಕ್ಷೆಯೇ

ಜಾತ್ರೆಯ ದಿನ ಟವರ್ ಇದ್ದೂ ಇಲ್ಲದಂತೆ. ನಕ್ಷೆ ಮೊದಲೇ ಫೋನಿಗೆ ಇಳಿದಿರಬೇಕು. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ಎರಡೂ ಓಪನ್‌ಸ್ಟ್ರೀಟ್‌ಮ್ಯಾಪನ್ನು ಇಂಟರ್‌ನೆಟ್ ಇಲ್ಲದೆ ತೋರಿಸುತ್ತವೆ, ಅವನ್ನು ಬಳಸಬಲ್ಲವರಿಗೆ ಬೇರೆ ಏನೂ ಬೇಡ.

ಆದರೆ ಹೆಚ್ಚಿನವರು ಹೊಸ ಆ್ಯಪ್ ಹಾಕಿಕೊಳ್ಳುವುದಿಲ್ಲ. ಅವರಿಗೆ ಬೇಕಾದದ್ದು ವಾಟ್ಸಾಪಿನಲ್ಲಿ ಬರುವ ಒಂದು ಚಿತ್ರ. ಅದನ್ನು ಕೀಳೆಂದು ಕಾಣುವವರ ಮಾತು ನನಗೆ ಒಪ್ಪಿಗೆಯಿಲ್ಲ. ಉದ್ದುದ್ದಕ್ಕೆ ನಿಂತ ಚಿತ್ರ, ಕೆಳಗೆ ಹೊರಡುವ ಜಾಗ, ಮೇಲೆ ತಲುಪುವ ಜಾಗ, ನಡುವೆ ಐದಾರು ಗುರುತು. ಅಕ್ಷರ ಚಿತ್ರದಲ್ಲೇ ಅಚ್ಚಾಗಿರುವುದರಿಂದ ಯಾವ ಫೋನಿನಲ್ಲೂ ಒತ್ತು ಚದುರುವುದಿಲ್ಲ. ವಾಟ್ಸಾಪ್ ಚಿತ್ರವನ್ನು ಹಿಂಡಿ ಕಳಿಸುವಾಗ ತೆಳ್ಳನೆಯ ಗೆರೆಯೂ ಚಿಕ್ಕ ಒತ್ತೂ ಮಸುಕಾಗುತ್ತವೆ. ಗೆರೆ ದಪ್ಪ ಮಾಡಿ, ಆಗದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ.

10. ಫೋನು ಅವರ ಕೈಗೆ ಕೊಟ್ಟು ಹಿಂದೆ ನಡೆಯಿರಿ

ಕೂತು ಕೇಳಿದರೆ ಎಲ್ಲರೂ ನಕ್ಷೆ ಚೆನ್ನಾಗಿದೆ ಎನ್ನುತ್ತಾರೆ, ಮನೆಗೆ ಬಂದವರ ಮನಸ್ಸು ಯಾರು ನೋಯಿಸುತ್ತಾರೆ? ತಿಳಿಯುವುದು ನಡೆದಾಗ. ಹೊಸದಾಗಿ ಬಿಡಿಸಿದ್ದನ್ನು ಆ ಹಾದಿ ಗೊತ್ತಿಲ್ಲದವರ ಕೈಗೆ ಕೊಟ್ಟು, ನಾಲ್ಕು ಮಾರು ಹಿಂದೆ ಮಾತಾಡದೆ ನಡೆಯಬೇಕು. ನೋಡಬೇಕಾದದ್ದು ಅವರ ಹೆಬ್ಬೆರಳನ್ನು. ನಕ್ಷೆಯನ್ನು ಹಿಗ್ಗಿಸಿದರೆ ಅಕ್ಷರ ಚಿಕ್ಕದಾಗಿದೆ. ಕುಗ್ಗಿಸಿದರೆ ಎಲ್ಲಿದ್ದೇವೆ ಎಂಬುದು ತಪ್ಪಿದೆ. ಫೋನನ್ನೇ ತಿರುಗಿಸಿದರೆ ದಿಕ್ಕು ಸಿಗುತ್ತಿಲ್ಲ. ಫೋನು ಕಿಸೆಗೆ ಹಾಕಿ ಎದುರಿಗೆ ಬಂದವರನ್ನು ಕೇಳಿದರೆ, ಕೇಳಿದ ಪ್ರಶ್ನೆಯನ್ನು ಹಾಗೆಯೇ ಬರೆದುಕೊಳ್ಳಬೇಕು. ನಕ್ಷೆ ಉತ್ತರಿಸಬೇಕಾಗಿದ್ದ ಪ್ರಶ್ನೆ ಅದೇ.

ಹುಕ್ಕೇರಿ ಕಡೆಯ ಒಂದು ತೋಟದ ಹಾದಿಯಲ್ಲಿ, ಬೇರೆ ಊರಿನಿಂದ ಬದಲಿಗೆ ಬಂದಿದ್ದ ಆಶಾ ಕಾರ್ಯಕರ್ತೆಯೊಬ್ಬರು ಕವಲಿನಲ್ಲಿ ನಿಂತು ಪರದೆ ನೋಡಿದರು, ಹಾದಿ ನೋಡಿದರು, ಮತ್ತೆ ಪರದೆ ನೋಡಿದರು. ಎದುರಿಗೆ ಮೇವು ಹೊತ್ತು ಬಂದ ಅಜ್ಜಿಯನ್ನು ಕೇಳಿದರು, “ಯಮ್ಮಾ, ನಾ ಟೀಸಿ ದಾಟಿ ಬಂದೇನೋ, ಇನ್ನ ಮುಂದ ಬರ್ತೈತೋ?” ಅಜ್ಜಿ ಹಿಂದಕ್ಕೆ ಕೈ ತೋರಿಸಿದರು, “ದಾಟಿ ಬಂದಿ ನೋಡವ್ವಾ, ಹೊಳ್ಳಿ ಹೋಗು.” ಮುಂದೆ ಏನು ಬರುತ್ತದೆ ಎಂದಷ್ಟೇ ನಕ್ಷೆ ಹೇಳುತ್ತಿತ್ತು. ದಾಟಿದ್ದು ಏನು ಎಂಬುದು ಅದರಲ್ಲಿ ಇರಲಿಲ್ಲ.

ಆಮೇಲೆ ಪ್ರತಿ ತಿರುವಿಗೂ ಎರಡು ಸಾಲು ಬರೆಯಲು ಶುರುಮಾಡಿದೆವು: ಹಿಂದೆ ಬಿಟ್ಟ ಗುರುತು, ಮುಂದೆ ಸಿಗುವ ಗುರುತು. ಜೊತೆಗೆ ‘ಇದು ಕಂಡರೆ ಹೆಚ್ಚು ಬಂದಿದ್ದೀರಿ’ ಎಂಬ ಮೂರನೆಯ ಸಾಲು, ಕವಲು ಕಬ್ಬಿನೊಳಗಿದ್ದರೆ ಮಾತ್ರ. ಹಾದಿ ತಪ್ಪಿದಾಗ ಆ್ಯಪುಗಳು ಅಲ್ಲಿಂದಲೇ ಹೊಸ ದಾರಿ ಹುಡುಕಿಕೊಡುತ್ತವೆ. ಗಾಡಿಗೆ ಅದು ಸರಿ. ಹೊಲದ ನಡುವೆ ಹಾಗೆ ಸಿಗುವ ಹೊಸ ದಾರಿ ಯಾರದ್ದೋ ಬದು, ಇಲ್ಲವೇ ತುಂಬಿದ ಹಳ್ಳ. ನಮ್ಮ ನಕ್ಷೆಯಲ್ಲಿ ತಪ್ಪಿದವರಿಗೆ ಇರುವುದು ಒಂದೇ ಗುಂಡಿ: ‘ಹಿಂದಿನ ಗುರುತಿಗೆ ಕರೆದೊಯ್ಯಿ’. ಬಂದ ಹಾದಿಯಲ್ಲೇ ಅದು ವಾಪಸು ಕರೆದುಕೊಂಡು ಹೋಗಿ ಟೀಸಿಯ ಹತ್ತಿರ ನಿಲ್ಲಿಸುತ್ತದೆ, ಅಲ್ಲಿಂದ ಮತ್ತೆ ಎಡಕ್ಕೆ ಹೊಳ್ಳಬಹುದು.